ಕಾವಲುದಾರಿಯ ಜೋಡಿಗೆರೆ

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಆರೂವರೆಗೆ ಹನ್ನೊಂದು ಮೋಟಾರ್‌ಸೈಕಲ್, ಮೂರು ಎಟಿವಿ. ಕಿಟಕಿಯಲ್ಲಿ ನಿಂತು ಎಣಿಸಿದೆ. ಈ ಎಟಿವಿ ಎನ್ನುವುದು ಸೈಕಲ್ಲೂ ಅಲ್ಲ, ಕಾರೂ ಅಲ್ಲ. ನಾಲ್ಕು ದಪ್ಪ ಟೈರು, ಒಂದು ಸೀಟು, ಒಂದು ಹ್ಯಾಂಡಲ್, ಮೇಲೊಬ್ಬ ಅವಿವೇಕಿ. ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಣಕಣ ಎಂದವು. ಎಲ್ಲ ಹೋದದ್ದು ಗುಡ್ಡದ ಕಡೆಗೆ, ಅಣ್ಣನ ಕಾವಲುದಾರಿಗೆ.

ಅರಣ್ಯ ಕಚೇರಿಯ ಫಲಕದಲ್ಲಿ ಸೂಚನೆ ಹಚ್ಚಿದ್ದಾರೆ. ಗುಡ್ಡದ ಬುಡದಿಂದ ತುದಿಯ ಬೆಂಕಿ ಕಾವಲು ಗೋಪುರದವರೆಗಿನ ದಾರಿಯನ್ನು ಸವಾರರಿಗೆ ಶಾಶ್ವತವಾಗಿ ತೆರೆಯುವ ಬಗ್ಗೆ ಇಪ್ಪತ್ತೈದನೇ ತಾರೀಕು ವಿಚಾರಣೆ. ಕಾಡು ರಕ್ಷಿತವೆಂದು ಘೋಷಣೆಯಾಗುವ ಮುಂಚೆಯೇ ಅಲ್ಲಿ ವಾಹನ ಓಡುತ್ತಿತ್ತೆಂದು ಸಾಬೀತಾದರೆ ತೆರೆಯುತ್ತಾರೆ, ಇಲ್ಲದಿದ್ದರೆ ಗೇಟು ಬೀಳುತ್ತದೆ. ಆಕ್ಷೇಪಣೆ ಇದ್ದವರು ಬರೆದು ಕೊಡಬೇಕು. ಫಲಕವನ್ನು ಶೌಚಾಲಯದ ಪಕ್ಕ ನೇತುಹಾಕಿದ್ದಾರೆ, ಯಾರೂ ನಿಂತು ಓದಬಾರದೆಂದು. ನಾನು ನಿಂತು ಓದಿದೆ.

ಮೂರು ಪುಟ ಬರೆದೆ. ಮುಖ್ಯವಾದ ವಾಕ್ಯ ಇದು: "ನನ್ನ ಅಣ್ಣ ಇಪ್ಪತ್ತಾರು ವರ್ಷ ಆ ಗೋಪುರದ ಕಾವಲುಗಾರನಾಗಿದ್ದ, ಬೇಸಿಗೆಯ ಪ್ರತಿದಿನವೂ ಆ ದಾರಿಯನ್ನು ಕಾಲ್ನಡಿಗೆಯಲ್ಲೇ ಹತ್ತಿ ಇಳಿದ, ಆ ಮಣ್ಣಿಗೆ ಚಕ್ರ ತಾಗಿದ್ದನ್ನು ನಾನು ಕಂಡಿಲ್ಲ." ಮತ್ತೆ ಓದಿಕೊಂಡಾಗ ಕಣ್ಣು ತುಂಬಿತು. ಗುಮಾಸ್ತ ಸ್ವೀಕೃತಿ ಕೊಡದೆ ಸಾಗಹಾಕಲು ನೋಡಿದ. ಸರ್ವೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವಳು ನಾನು, ಮೊಹರಿಲ್ಲದ ಕಾಗದ ಕಾಗದವೇ ಅಲ್ಲ ಎಂದು ತಿಳಿಸಿಹೇಳಿ, ಹಾಕಿಸಿಕೊಂಡು ಬಂದೆ.

ಮಾರ್ಚ್ 7, ಗುರುವಾರ

ಪತ್ರಿಕೆಗೂ ಒಂದು ಪ್ರತಿ ಕಳಿಸಿದ್ದೆ, ಹಾಕಿದ್ದಾರೆ. "ಸದ್ದು ಮಾಡದೆ ಇರಬಲ್ಲ ಶಕ್ತಿಯೇ ನಾಗರಿಕತೆ" ಎಂಬ ನನ್ನ ಅತ್ಯುತ್ತಮ ವಾಕ್ಯವನ್ನು ಮಾತ್ರ ಕತ್ತರಿಸಿದ್ದಾರೆ. ಸಂಪಾದಕರಿಗೆ ನಾಳೆ ಬರೆಯಬೇಕು. ಗ್ರಂಥಾಲಯದ ಓದುವ ಕೋಣೆಯಲ್ಲಿ ಫ್ಯಾನು ಕೆಟ್ಟು ಎರಡು ತಿಂಗಳಾದ ವಿಷಯವನ್ನೂ ಅದೇ ಪತ್ರದಲ್ಲಿ ಸೇರಿಸಬಹುದು.

ಸಂಜೆ ಮಿಡತೆ ಬಂದಳು. ಅಣ್ಣನ ಮಗಳು. ಒಂದು ಕಡೆ ಕೂರುತ್ತಿರಲಿಲ್ಲವೆಂದು ನಾನೇ ಇಟ್ಟ ಹೆಸರು. ಈಗ ನಲವತ್ತರ ಹತ್ತಿರ ಬಂದರೂ ಊರೆಲ್ಲ ಹಾಗೇ ಕರೆಯುತ್ತದೆ. ಬೀದಿಯ ತುದಿಯ ಶೆಡ್ಡಿನಲ್ಲಿ ಐದು ಎಟಿವಿ, ಎಂಟು ಮೋಟಾರ್‌ಸೈಕಲ್ ಇಟ್ಟುಕೊಂಡು ಬಂದವರನ್ನೆಲ್ಲ ಗುಡ್ಡ ಹತ್ತಿಸುವುದೇ ಅವಳ ಬದುಕು. ನನ್ನ ಸಿಟ್ಟು ಅವಳ ಮೇಲಲ್ಲ, ಅವಳ ಗಾಡಿಗಳ ಮೇಲೆ ಎಂದು ಎಷ್ಟು ಹೇಳಿದರೂ ಅವಳ ತಲೆಗೆ ಹೋಗುವುದಿಲ್ಲ.

"ನಿಮ್ಮ ಕಾಗದ ಎಲ್ಲರೂ ಓದಿದ್ರು ಅತ್ತೆ. ಒಬ್ರು ಅದನ್ನ ಕತ್ತರಿಸಿ ಹೆಲ್ಮೆಟ್ಟಿಗೆ ಅಂಟಿಸ್ಕೊಂಡಿದ್ದಾರೆ."

"ಓದೋಕೆ ಬರುತ್ತಲ್ಲ ಅವರಿಗೆ, ಸಂತೋಷ," ಎಂದೆ.

ನಗಲಿಲ್ಲ. ಗೇಟು ಬಿದ್ದರೆ ಶೆಡ್ಡು ಮುಚ್ಚಬೇಕು, ಎಲ್ಲಾದರೂ ಇನ್ನೊಬ್ಬರ ಗ್ಯಾರೇಜಿನಲ್ಲಿ ಪಾನಾ ಹಿಡಿಯಬೇಕು ಎಂದಳು. ಚಹಾ ಮುಟ್ಟಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ತಮ್ಮ ಪರವಾಗಿ ಹಳೇ ಸರ್ಕಾರಿ ನಕ್ಷೆಯೊಂದಿದೆ, ಕಚೇರಿಯವರೇ ಹುಡುಕಿ ತರಿಸಿದ್ದಾರೆ ಎಂದಳು.

"ಕಾವಲುದಾರಿಗೆ ಅದ್ರಲ್ಲಿ ಜೋಡಿಗೆರೆ ಇದೆ. ಚುಕ್ಕಿಸಾಲು ಅಂದ್ರೆ ಕಾಲುದಾರಿ, ಜೋಡಿಗೆರೆ ಅಂದ್ರೆ ಗಾಡಿದಾರಿ ಅಂತ ನನಗೆ ಹೇಳಿಕೊಟ್ಟಿದ್ದೇ ನೀವು."

ಯಾವುದೋ ಕಳಪೆ ನಕ್ಷೆ ಇರಬೇಕು. ಸೋಮವಾರ ಹೋಗಿ ನೋಡುತ್ತೇನೆ.

ಮಾರ್ಚ್ 11, ಸೋಮವಾರ

ಭೂತಗನ್ನಡಿ ತೆಗೆದುಕೊಂಡು ಹೋಗಿದ್ದೆ. ಅರಣ್ಯಾಧಿಕಾರಿ ಮೂವತ್ತೈದರ ಆಸುಪಾಸಿನ ಹೆಂಗಸು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ. ಮರ್ಯಾದೆಯಿಂದ ಕೂರಿಸಿ ನಕ್ಷೆ ಬಿಚ್ಚಿದಳು. ಪ್ರತಿಯಲ್ಲ, ಮೂಲ, ಬೆಳಕು ಹಾಯುವ ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿಯಲ್ಲಿ ಬರೆದದ್ದು. ಬುಡದಿಂದ ಗೋಪುರದವರೆಗೂ ಜೋಡಿಗೆರೆ. ಇದನ್ನು ಎಳೆದ ಪ್ರಾಣಿ ಆ ಗುಡ್ಡವನ್ನು ದೂರದಿಂದಲೂ ನೋಡಿರಲಿಕ್ಕಿಲ್ಲ, ಇಂಥವರನ್ನೆಲ್ಲ ಕೆಲಸಕ್ಕೆ ಸೇರಿಸಿಕೊಂಡ ಕಾಲದ ಪಾಪವನ್ನು ಈಗ ನಾವು ಅನುಭವಿಸಬೇಕು ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಗುಮಾಸ್ತನೂ ತಲೆ ಎತ್ತಿ ಕೇಳಿದ.

ಆಮೇಲೆ ಭೂತಗನ್ನಡಿ ಹಿಡಿದೆ.

ನಕ್ಷೆಯ ಮೇಲೆ ಬರೆದವರ ಹೆಸರು ಹಾಕುವ ಹಾಗಿರಲಿಲ್ಲ. ಅದಕ್ಕೇ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ನಾವು ಹನ್ನೆರಡು ಮಂದಿಯೂ ಎಲ್ಲೋ ಒಂದು ಕಡೆ ನಮ್ಮ ನಮ್ಮ ಗುರುತು ಬಿಡುತ್ತಿದ್ದೆವು, ಒಬ್ಬರದು ಇನ್ನೊಬ್ಬರಿಗೆ ಮಾತ್ರ ಗೊತ್ತು. ಉತ್ತರ ದಿಕ್ಕಿನ ಬಾಣದ ಬಾಲದಲ್ಲಿ ಎಡಕ್ಕೆ ಒಂದು ಗರಿ ಹೆಚ್ಚಿಗೆ ಇದ್ದರೆ ಅದು ನನ್ನದು.

ಎಡಕ್ಕೆ ಒಂದು ಗರಿ ಹೆಚ್ಚಿಗೆ ಇದೆ.

ಮಾರ್ಚ್ 12, ಮಂಗಳವಾರ

ತಲೆನೋವು. ಸಂಪಾದಕರಿಗೆ ಬರೆಯಲಿಲ್ಲ.

ಮಾರ್ಚ್ 15, ಶುಕ್ರವಾರ

ಮರೆತಿದ್ದೆ ಎಂದು ಬರೆದರೆ ಈ ಪುಸ್ತಕಕ್ಕೂ ಸುಳ್ಳು ಹೇಳಿದ ಹಾಗೆ. ಮರೆತಿರಲಿಲ್ಲ. ಬೇರೆ ಕಡೆ ಇಟ್ಟಿದ್ದೆ.

ನನಗೆ ಇಪ್ಪತ್ತನಾಲ್ಕು, ಅಣ್ಣನಿಗೆ ಮೂವತ್ತು. ಅವನು ಗೋಪುರದ ಮೆಟ್ಟಿಲಿಂದ ಜಾರಿ ಮಂಡಿ ಮುರಿದುಕೊಂಡಿದ್ದ. ನಡೆದು ಹತ್ತಲಾರದ ಕಾವಲುಗಾರ ಕಾವಲುಗಾರನಲ್ಲ. ಗೊತ್ತಾದರೆ ಕೆಲಸ ಹೋಗುತ್ತಿತ್ತು. ಗುಜರಿಯವನಿಂದ ಒಂದು ಮೋಟಾರ್‌ಸೈಕಲ್ ತಂದ. ಅದಕ್ಕೆ ಮುಂದಿನ ಬ್ರೇಕು ಇರಲಿಲ್ಲ, ಹಿಂದಿನದು ಇದೆ ಎಂದು ಅವನು ಹೇಳುತ್ತಿದ್ದ. ಅದರ ಮೇಲೆ ಐದು ಬೇಸಿಗೆ ಗುಡ್ಡ ಹತ್ತಿದ. ಭಾನುವಾರ ಬುತ್ತಿ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ನಾನು.

ಇಲಾಖೆಯ ನಿಯಮ ಸರಳ: ನಕ್ಷೆಯಲ್ಲಿ ಜೋಡಿಗೆರೆ ಇರುವ ದಾರಿಯಲ್ಲಿ ಮಾತ್ರ ನೌಕರರು ವಾಹನ ಒಯ್ಯಬಹುದು. ಕಾವಲುದಾರಿಗೆ ಇದ್ದದ್ದು ಚುಕ್ಕಿಸಾಲು. ಎರಡನೇ ಬೇಸಿಗೆ ಯಾರೋ ದೂರು ಕೊಟ್ಟರು, ತಿಂಗಳೊಳಗೆ ತಪಾಸಣೆ ಎಂದು ಸುದ್ದಿ ಬಂತು. ಆ ನಕ್ಷೆಯ ಹಾಳೆ ಆಗ ಪರಿಷ್ಕರಣೆಗೆಂದು ನನ್ನ ಮೇಜಿನ ಮೇಲೇ ಇತ್ತು. ನಾನೇನೂ ತುಂಬಾ ಯೋಚಿಸಲಿಲ್ಲ. ಟ್ರೇಸಿಂಗ್ ಬಟ್ಟೆಯ ಮೇಲೆ ತಪ್ಪಾದರೆ ಬ್ಲೇಡಿನ ಅಂಚಿನಿಂದ ಶಾಯಿಯನ್ನು ಕೆರೆದು, ಉಗುರಿನ ಬೆನ್ನಿಂದ ಉಜ್ಜಿ ನುಣುಪು ಮಾಡುತ್ತಿದ್ದೆವು. ಚುಕ್ಕಿಗಳನ್ನು ಒಂದೊಂದಾಗಿ ಕೆರೆದೆ. ಹಿಂದಿನಿಂದ ಹೆಡ್ ಡ್ರಾಫ್ಟ್ಸ್‌ಮನ್ ಬಂದು ನಿಂತು, ಏನಮ್ಮ ಅಷ್ಟೊಂದು ಕೆರೀತಾ ಇದೀಯ ಎಂದರು. ಶಾಯಿ ಬಿತ್ತು ಸಾರ್ ಎಂದೆ. ಊಟದ ಗಂಟೆ ಹೊಡೆಯುವುದರೊಳಗೆ ಜೋಡಿಗೆರೆ ಒಣಗಿತ್ತು.

ತಪಾಸಣೆಗೆ ಬಂದವರು ಹಾಳೆ ನೋಡಿದರು, ಅಣ್ಣನ ಬೆನ್ನು ತಟ್ಟಿ ಹೋದರು.

ನಾವು ನಕ್ಷೆ ಬರೆಯುತ್ತಿದ್ದ ಕೋಣೆಯಲ್ಲಿ ಉತ್ತರಕ್ಕೆ ಆರು ಕಿಟಕಿ. ಶಾಯಿ, ಪೆನ್ಸಿಲ್ ಸೀವಿದ ಮರದ ವಾಸನೆ. ಮಾತು ಕಡಿಮೆ, ಹನ್ನೆರಡು ನಿಬ್ಬುಗಳ ಸದ್ದು. ಗುಡ್ಡದಿಂದ ಇಳಿಯುವಾಗ ಅಣ್ಣ ಪೆಟ್ರೋಲ್ ಉಳಿಸಲು ಇಂಜಿನ್ ಆರಿಸಿಬಿಡುತ್ತಿದ್ದ. ಆಗ ಸರಪಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎಲೆಗಳ ಮೇಲೆ ಟೈರು ಹಾಯುವುದು, ಗಾಳಿ ಅವನ ಅಂಗಿಯನ್ನು ನನ್ನ ಮುಖಕ್ಕೆ ತಂದು ಬಡಿಯುವುದು. ಬಾಗು ಅಂದಾಗ ಬಾಗು, ಇಲ್ಲದಿದ್ದರೆ ನಿನ್ನನ್ನ ಇಲ್ಲೇ ಇಳಿಸ್ತೀನಿ ಎಂದು ಕೂಗುತ್ತಿದ್ದ. ದಿನಕ್ಕೆ ಎಂಟು ತಾಸು ಕಿಟಕಿಯ ಬೆಳಕಿನಲ್ಲಿ ಕೂತು ನೂಲಿನಂಥ ಗೆರೆ ಎಳೆಯುವವಳಿಗೆ ವಾರಕ್ಕೊಮ್ಮೆ ಅದು ಸಿಗುತ್ತಿತ್ತು. ಈಗ ಬರೆಯುವಾಗ ಬೆನ್ನು ತಾನಾಗಿ ಎಡಕ್ಕೆ ವಾಲಿತು.

ಐದು ಬೇಸಿಗೆಯ ಮೇಲೆ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು, ಗಾಡಿ ಗುಜರಿಯವನಿಗೇ ವಾಪಸ್ ಹೋಯಿತು, ಅಣ್ಣ ಮತ್ತೆ ನಡೆದ. ಮರುವರ್ಷ ಕಾಡು ರಕ್ಷಿತವೆಂದು ಘೋಷಣೆಯಾಯಿತು. ಅವನು ತೀರಿಕೊಂಡಾಗ ಭಾಷಣ ಮಾಡಿದವರೆಲ್ಲ ಇಪ್ಪತ್ತಾರು ವರ್ಷ ನಡೆದ, ನಡೆದ ಎಂದರು. ಒಂಬತ್ತು ವರ್ಷದಿಂದ ನಾನೂ ಅದನ್ನೇ ಹೇಳುತ್ತಿದ್ದೇನೆ.

ಮಾರ್ಚ್ 18, ಸೋಮವಾರ

ಎರಡು ದಿನ ವಾದ ಮಾಡಿದೆ, ನನ್ನೊಡನೆಯೇ. ಬಾಯಿ ಮುಚ್ಚಿಕೊಂಡರೆ ನನ್ನ ಸುಳ್ಳುಗೆರೆಯಿಂದ ಗುಡ್ಡ ತುದಿಯವರೆಗೂ ಅವರ ಪಾಲಾಗುತ್ತದೆ. ಬಾಯಿ ಬಿಟ್ಟರೆ ನಕ್ಷೆ ಬಿದ್ದುಹೋಗುತ್ತದೆ, ಗೇಟು ಬೀಳುತ್ತದೆ, ಮಿಡತೆಯ ಶೆಡ್ಡು ಮುಚ್ಚುತ್ತದೆ. ಅಣ್ಣನ ಹೆಸರಿಗೂ ಮಸಿ. ನನ್ನದಕ್ಕೆ ಹೇಗೂ ಆಯಿತು.

ಸದ್ದಿನ ಬಗ್ಗೆ ದೂರು ಹೇಳುವ ನೆಪದಲ್ಲಿ ಶೆಡ್ಡಿಗೆ ಹೋದೆ. ಮಿಡತೆ ಒಂದು ಇಂಜಿನ್ನಿಗೆ ಕಿವಿಕೊಟ್ಟು ನಿಂತಿದ್ದಳು, ತಲೆ ಒಂದಿಷ್ಟು ಓರೆ, ಕಣ್ಣು ಮುಚ್ಚಿ. ಅಣ್ಣನ ಹಾಗೆ ನಿಲ್ಲುವುದನ್ನು ಅವಳಿಗೆ ಯಾರೂ ಕಲಿಸಿಲ್ಲ. ಮೂಲೆಯಲ್ಲಿ ಮೈತುಂಬ ಕೆಸರಾದ ಸವಾರನೊಬ್ಬ ಎದ್ದು ನಿಂತು ನಮಸ್ಕಾರ ಮಾಡಿದ. ನನ್ನ ಹಲ್ಲಿನ ಡಾಕ್ಟರು. ಮೊನ್ನೆ ನವೆಂಬರಿನಲ್ಲಿ ನನ್ನ ದವಡೆ ಹಲ್ಲು ಕಿತ್ತ ಮನುಷ್ಯ. ಪಕ್ಕದ ಹೆಲ್ಮೆಟ್ಟಿನ ಮೇಲೆ ನನ್ನ ಪತ್ರ.

"ಸಿಟ್ಟಾಗಬೇಡಿ. ಗದ್ಯ ಚೆನ್ನಾಗಿತ್ತು ಅಂತ ಅಂಟಿಸಿದೆ," ಎಂದರು.

ಇಂಥವರೊಡನೆ ಜಗಳ ಆಡುವುದು ಹೇಗೆ. ಹೇಳಬೇಕೆಂದು ಹೋದದ್ದನ್ನು ಹೇಳದೆ ಬಂದೆ. ಸದ್ದಿನ ಬಗ್ಗೆ ಹೇಳುವುದೂ ಮರೆತುಹೋಯಿತು.

ಮಾರ್ಚ್ 22, ಶುಕ್ರವಾರ

ಸ್ಥಳ ಪರಿಶೀಲನೆ ಮಾಡದೆ ವಿಚಾರಣೆಗೆ ಹೋಗುವುದು ಸರಿಯಲ್ಲ, ಅದಕ್ಕೆ ಮಿಡತೆಗೆ ನನ್ನನ್ನು ಮೇಲೆ ಕರೆದುಕೊಂಡು ಹೋಗು ಎಂದೆ. ಅವಳು ನಂಬದೆ ಎರಡು ಸಲ ಕೇಳಿದಳು. ಎಟಿವಿಯ ಸೀಟು ಹಿಂದೆ ಅಗಲವಾಗಿದೆ, ಅಷ್ಟು ಒಪ್ಪಿಕೊಳ್ಳುತ್ತೇನೆ. ಹೆಲ್ಮೆಟ್ಟಿನ ಪಟ್ಟಿಯನ್ನು ಅವಳೇ ಗಲ್ಲದ ಕೆಳಗೆ ಕಟ್ಟಿದಳು.

ಕೆಳಗಿನ ದಾರಿ ನನಗೆ ನೆನಪಿದ್ದ ಹಾಗೇ ಇದೆ. ಅಗಲ, ಗಟ್ಟಿ ನೆಲ, ನೀರು ಹರಿಯಲು ಪಕ್ಕದಲ್ಲಿ ಕಾಲುವೆ. ದೊಡ್ಡ ಮರಗಳ ಬುಡದಲ್ಲಿ ಅದೇ ತಣ್ಣನೆಯ ವಾಸನೆ. ಸ್ವಲ್ಪ ಜೋರಾಗಿ ಹೋಗು ಎಂದೆ. ವೇಗದಲ್ಲಿ ಧೂಳು ಎಷ್ಟು ಏಳುತ್ತದೆ ಎಂದು ತಿಳಿಯುವುದು ಅಗತ್ಯವಾಗಿತ್ತು. ಇನ್ನೊಮ್ಮೆಯೂ ಹೇಳಿದೆ. ಮೂರನೆಯ ಸಲ ಹೇಳಿದಾಗ ಮಿಡತೆ ತಿರುಗಿ ನನ್ನ ಮುಖ ನೋಡಿದಳು.

ಚಪ್ಪಟೆ ಬಂಡೆಯ ಹತ್ತಿರ ನಿಲ್ಲಿಸಿದೆವು. ಮುಂದಕ್ಕೆ ಕಲ್ಲಿನ ಮೆಟ್ಟಿಲು. ಅಣ್ಣನೂ ಗಾಡಿಯನ್ನು ಇಲ್ಲೇ ಬಿಟ್ಟು, ಒಂದು ಕೋಲೂರಿ, ಒಂದೊಂದೇ ಮೆಟ್ಟಿಲಿಗೆ ಕೂತು ಕೂತು ಹತ್ತುತ್ತಿದ್ದ. ಈಗ ಮೆಟ್ಟಿಲಿನ ಪಕ್ಕದಲ್ಲಿ ಕಾಡನ್ನು ಸೀಳಿಕೊಂಡು ಹೊಸ ದಾರಿ. ಬೇರುಗಳೆಲ್ಲ ಸಿಪ್ಪೆ ಸುಲಿದು ಬೆಳ್ಳಗೆ ಹೊರಗೆ ಬಂದಿವೆ. ಮೇಲಿನ ಒರತೆಯ ನೀರು ಟೈರಿನ ಗುಂಡಿಗಳಲ್ಲಿ ನಿಂತು ಕೊಳೆಯುತ್ತಿದೆ. ಬಗ್ಗಿ ಒಂದು ಬೇರನ್ನು ಮುಟ್ಟಿ ನೋಡಿದೆ. ಮಿಡತೆಯೂ ನೆಲ ನೋಡುತ್ತಿದ್ದಳು.

ಬಂಡೆಯ ಮೇಲೆ ಕೂತು ಎಲ್ಲ ಹೇಳಿದೆ. ಬ್ಲೇಡು, ಉಗುರು, ಜೋಡಿಗೆರೆ, ಗುಜರಿಯ ಗಾಡಿ.

 ನಕ್ಷೆಯ ಬಗ್ಗೆ ಕೇಳುತ್ತಾಳೆ ಎಂದುಕೊಂಡಿದ್ದೆ.

"ಅಪ್ಪ ಬೈಕ್ ಓಡಿಸ್ತಿದ್ರಾ?"

"ಐದು ವರ್ಷ."

"ನಾನು ಮೊದಲನೇ ಬೈಕ್ ತಂದಾಗ ಒಂದು ವಾರ ನನ್ನ ಜೊತೆ ಮಾತಾಡ್ಲಿಲ್ಲ ಅವರು. ನಮ್ಮ ವಂಶದಲ್ಲಿ ಯಾರೂ ಇಂಥದ್ದು ಮುಟ್ಟಿಲ್ಲ ಅಂದ್ರು."

ಆಗ ನನಗೆ ಹೊಳೆಯಿತು. ಒಂದು ಸಲ ಬಾಯಿ ಜಾರಿದ್ದರೂ, ಯಾವ ದಾರಿಯಲ್ಲಿ ಓಡಿಸಿದೆ, ಹೇಗೆ ಬಿಟ್ಟರು ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಹೋಗುತ್ತಿದ್ದದ್ದು ನನ್ನ ಕೆಲಸ. ಸ್ವಂತ ಮಗಳ ಎದುರಿಗೂ ಅಣ್ಣ ಬಾಯಿ ಕಟ್ಟಿಕೊಂಡದ್ದು ನನಗಾಗಿ. ಅವಳಿಗೆ ಅದನ್ನೂ ಹೇಳಿದೆ. ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು.

"ಸೋಮವಾರ ಏನು ಹೇಳ್ತೀರ?"

"ನಿಜ ಹೇಳ್ತೀನಿ ಕಣೇ."

"ಯಾವ ನಿಜ ಅತ್ತೆ? ಗೆರೆ ಸುಳ್ಳು ಅನ್ನೋದಾ, ಅಪ್ಪ ಓಡಿಸಿದ್ದು ನಿಜ ಅನ್ನೋದಾ? ಮೊದಲನೇದು ಒಂದೇ ಹೇಳಿದ್ರೆ ನಾನು ಮುಗಿದೆ."

ಇಳಿಯುವಾಗ ನಿಧಾನವಾಗಿ ಓಡಿಸಿದಳು. ಜೋರಾಗಿ ಹೋಗು ಎಂದು ನಾನು ಹೇಳಲಿಲ್ಲ.

ಮಾರ್ಚ್ 24, ಭಾನುವಾರ

ಇವತ್ತು ಒಂದು ಗಾಡಿಯೂ ಹೋಗಲಿಲ್ಲ. ಕಿಟಕಿಯಲ್ಲಿ ಎಂಟರವರೆಗೆ ಕಾದೆ.

ಮಾರ್ಚ್ 25, ಸೋಮವಾರ

ಕೋಣೆ ತುಂಬಿತ್ತು. ಸವಾರರು ಗೋಡೆಗೊರಗಿ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿಗಳಲ್ಲಿ. ಅಧಿಕಾರಿ ಮೊದಲು ನನ್ನ ಆಕ್ಷೇಪಣೆಯನ್ನೇ ಓದಿಸಿದಳು. ಗುಮಾಸ್ತ ಎಳೆದೆಳೆದು ಓದಿದ, ಅಣ್ಣನ ವಾಕ್ಯ ಬಂದಾಗ ಹಿಂದೆ ಯಾರೋ ಹೌದು ಹೌದು ಎಂದರು. ನನಗೆ ಕೂತಲ್ಲಿ ಮುಳ್ಳು ಚುಚ್ಚಿದ ಹಾಗಾಯಿತು.

ಎದ್ದು ಹೇಳಿದೆ. ಆ ಗೆರೆಯನ್ನು ಎಳೆದವಳು ನಾನು, ಕಚೇರಿಗೆ ಮೋಸ ಮಾಡಿ ಎಳೆದೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಕೆರೆದ ಚುಕ್ಕಿಗಳು ಕಾಣುತ್ತವೆ. ಹಿಡಿದರು. ಕಂಡವು. ಗೋಡೆಗೊರಗಿದವರಲ್ಲಿ ಗುಸುಗುಸು ಎದ್ದಿತು, ಹಲ್ಲಿನ ಡಾಕ್ಟರು ತಲೆ ತಗ್ಗಿಸಿದರು. ಆಮೇಲೆ ಮೋಟಾರ್‌ಸೈಕಲ್ಲಿನ ವಿಷಯ ಹೇಳಿದೆ: ಬಂಡೆಯವರೆಗೆ ಐದು ಬೇಸಿಗೆ ಗಾಡಿ ಓಡಿದ್ದು ನಿಜ, ಅದಕ್ಕಿಂತ ಮೇಲೆ ಒಂದು ದಿನವೂ ಇಲ್ಲ.

ಅಧಿಕಾರಿ ಪೆನ್ಸಿಲ್ಲನ್ನು ಕಿವಿಯಿಂದ ತೆಗೆದಳು. "ಅಮ್ಮಾ, ಮೂರು ವಾರದ ಹಿಂದೆ ನೀವೇ ಸಹಿ ಮಾಡಿ ಕೊಟ್ಟಿದ್ದೀರಿ, ಚಕ್ರ ತಾಗಿದ್ದನ್ನ ಕಂಡಿಲ್ಲ ಅಂತ. ಮೊಹರೂ ಇದೆ. ಈಗ ಕಂಡಿದ್ದೀನಿ ಅಂತೀರಿ. ನಾನು ಯಾವುದನ್ನ ನಂಬಲಿ?"

ಜನ್ಮದಲ್ಲಿ ಎಷ್ಟು ಪತ್ರ ಬರೆದಿದ್ದೇನೋ, ಯಾವುದನ್ನೂ ಹಿಂದಕ್ಕೆ ತೆಗೆದುಕೊಂಡವಳಲ್ಲ. ಆ ಕಾಗದವನ್ನು ವಾಪಸ್ ಕೊಡಿ ಎಂದೆ. "ಅದು ಜನ ಹೇಳಿದ್ದನ್ನ ನಾನೂ ಹೇಳಿಕೊಂಡು ಬಂದದ್ದು. ಇದು ನಾನು ಹಿಂದೆ ಕೂತು ಹೋದದ್ದು."

ದಾಖಲೆಯಾದ ಕಾಗದ ವಾಪಸ್ ಕೊಡಲು ಬರುವುದಿಲ್ಲ ಎಂದಳು. ಸರಿಯಾದ ನಿಯಮವೇ. ಬೇರೆ ಸಾಕ್ಷಿ ಇದೆಯೇ ಎಂದು ಕೇಳಿದಳು. ಇರಲಿಲ್ಲ. ನಕ್ಷೆ ಕೋಣೆಯ ಹನ್ನೆರಡು ಮಂದಿಯಲ್ಲಿ ಉಳಿದಿರುವವಳು ನಾನೊಬ್ಬಳೇ.

ಆಗ ಮಿಡತೆ ಮುಂದೆ ಬಂದಳು. ಬಂಡೆಯಿಂದ ಮೇಲಕ್ಕೆ ಮೆಟ್ಟಿಲಿನ ಪಕ್ಕದ ದಾರಿ ಹಳೆಯದಲ್ಲ, ಮೂರು ವರ್ಷದ ಹಿಂದೆ ತಾನೂ ತನ್ನ ಸವಾರರೂ ಕಡಿದದ್ದು ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ. ಹಿಂದಿನಿಂದ ಒಬ್ಬ, ಸುಮ್ನಿರು ಮಾರಾಯ್ತಿ, ನಮ್ಮ ಕಾಲಿಗೆ ನಾವೇ ಕೊಡಲಿ ಹಾಕ್ಕೊಳ್ಳೋದಾ ಎಂದ. ಅವಳು ತಿರುಗಿ ನೋಡಲಿಲ್ಲ.

"ಮೇಲಿನದು ನಮ್ಮ ತಪ್ಪು, ಮೇಡಂ. ಕೆಳಗಿನದಕ್ಕೆ ನಮ್ಮತ್ತೆ ಮಾತೇ ಸಾಕ್ಷಿ. ಅವರು ತಮಗೆ ನಷ್ಟ ಆಗೋ ಸುಳ್ಳು ಹೇಳೋರಲ್ಲ."

ಅಧಿಕಾರಿ ನನ್ನ ಮುಂದೆ ಹೊಸ ಪ್ರತಿಯೊಂದನ್ನು ಇಟ್ಟು, ಸರಿಯಾದದ್ದನ್ನು ಗುರುತು ಮಾಡಿ ಎಂದಳು.  ಬುಡದಿಂದ ಬಂಡೆಯವರೆಗೆ ಜೋಡಿಗೆರೆ, ಬಂಡೆಯಿಂದ ಗೋಪುರದವರೆಗೆ ಚುಕ್ಕಿಸಾಲು. ಚುಕ್ಕಿಗಳು ಸಮನಾಗಿ ಬೀಳಲಿಲ್ಲ. ಹೆಡ್ ಡ್ರಾಫ್ಟ್ಸ್‌ಮನ್ ಇದ್ದಿದ್ದರೆ ಮತ್ತೆ ಬರೆಸುತ್ತಿದ್ದರು.

ಏಪ್ರಿಲ್ 6, ಶನಿವಾರ

ಆದೇಶ ಬಂತು. ಬಂಡೆಯವರೆಗೆ ಗಾಡಿಗೆ ಅವಕಾಶ. ಮೇಲೆ ಕಾಲ್ನಡಿಗೆ ಮಾತ್ರ. ಕಡಿದ ದಾರಿಯನ್ನು ಸವಾರರೇ ಮುಚ್ಚಿಕೊಡಬೇಕು. ಜೊತೆಗೆ ಸರ್ವೆ ಕಚೇರಿಯಿಂದ ನನಗೊಂದು ಪತ್ರ, ಸರ್ಕಾರಿ ನಕ್ಷೆ ತಿದ್ದಿದ ಬಗ್ಗೆ ವಿವರಣೆ ಕೊಡಿ ಎಂದು. ನಲವತ್ತಾರು ವರ್ಷ ತಡವಾಗಿ ಕೇಳಿದ್ದಾರೆ. ಅರ್ಧ ಪುಟದಲ್ಲಿ ಮುಗಿಸಿದೆ.

ಮಿಡತೆಗೆ ನಷ್ಟವಾಗಿದೆ. ಹೆಚ್ಚಿನವರು ಬರುತ್ತಿದ್ದದ್ದು ಗೋಪುರದ ಬುಡದವರೆಗೆ ಗಾಡಿಯಲ್ಲೇ ಹೋಗಿ ಫೋಟೋ ತೆಗೆಸಿಕೊಳ್ಳಲು; ಅವರೆಲ್ಲ ಬೇರೆ ಗುಡ್ಡ ಹುಡುಕಿಕೊಂಡಿದ್ದಾರೆ. ಐದು ಎಟಿವಿಯಲ್ಲಿ ಮೂರು ಸಾಕು ಎಂದಳು. ಕೊಡಲಿಯ ಮಾತಾಡಿದವನು ಶೆಡ್ಡಿಗೆ ಬರುತ್ತಿಲ್ಲವಂತೆ. ವಿಚಾರಣೆಯ ದಿನದಿಂದ ನನ್ನೊಡನೆ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಾಳೆ. ನಾನು ಬಲವಂತ ಮಾಡಿಲ್ಲ.

ಏಪ್ರಿಲ್ 14, ಭಾನುವಾರ

ಬಂಡೆಯ ಮೇಲಿನ ಕೆಲಸ ಶುರುವಾಯಿತು. ಬಂದವರು ಏಳೇ ಮಂದಿ. ಗುಂಡಿ ಮುಚ್ಚುವುದೆಂದರೆ ಮಣ್ಣು ಸುರಿಯುವುದು ಎಂದು ತಿಳಿದಿದ್ದರು. ಮೊದಲು ನೀರು ಎಲ್ಲಿಗೆ ಹೋಗಬೇಕು ಎಂದು ನೋಡಿ ಎಂದೆ. ಗೂಟ ಹೊಡೆಸಿ, ದಾರ ಕಟ್ಟಿಸಿ, ಒರತೆಯ ನೀರಿಗೆ ಓರೆಯಾಗಿ ದಾರಿ ಮಾಡಿಸಿದೆ. ಡಾಕ್ಟರು ಗೂಟವನ್ನು ಹಲ್ಲು ಕೀಳುವ ಹಾಗೆ ಅಲ್ಲಾಡಿಸಿ ಅಲ್ಲಾಡಿಸಿ ನೆಡುತ್ತಾರೆ. ನಮ್ಮ ದಾರಿಗೆ ಇಷ್ಟು ಜನ ಸಾಲದು, ಮುಂದಿನ ವಾರ ಇನ್ನೂ ನಾಲ್ಕು ಮಂದಿ ಬೇಕು.

ಮಧ್ಯಾಹ್ನ ಎಲ್ಲರೂ ನೆರಳಿಗೆ ಹೋದಾಗ ಮಿಡತೆ ನನ್ನ ಪಕ್ಕದಲ್ಲಿ ಬಂದು ಕೂತಳು. ನೀರು ಕುಡಿದು ಬಾಟಲಿ ನನ್ನ ಕೈಗೆ ಕೊಟ್ಟಳು. ಆಮೇಲೆ ಕೇಳಿದಳು:

"ಅಪ್ಪ ಗಾಡಿ ಹೇಗೆ ಓಡಿಸ್ತಿದ್ರು ಅತ್ತೆ?"

ಬಹಳ ಚೆನ್ನಾಗಿ ಎಂದು ಹೇಳಲು ಬಾಯಿ ತೆರೆದೆ.

"ಕೆಟ್ಟದಾಗಿ," ಎಂದೆ. "ಎರಡು ಸಲ ನನ್ನನ್ನ ಬೀಳಿಸಿದ. ಒಂದು ಸಲ ಬೀಳಿಸಿದ್ದೇ ಗೊತ್ತಾಗದೆ ಮುಂದಕ್ಕೆ ಹೊರಟುಹೋದ. ಕಾಲು ಮೈಲಿ ಹೋದ ಮೇಲೆ ಏನೋ ಕೇಳಿದನಂತೆ, ಉತ್ತರ ಬರಲಿಲ್ಲವಂತೆ."

ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಬಂಡೆಗೆ ಒರಗಿ, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಡಾಕ್ಟರು ಅಲ್ಲಿಂದಲೇ ಏನಾಯ್ತು ಎಂದು ಕೇಳಿದರು, ಹೇಳಲಾಗದೆ ಕೈ ಆಡಿಸಿದಳು. ಅಪ್ಪನ ಮಾತು ಬಂದಾಗ ಅವಳು ನಕ್ಕಿದ್ದನ್ನು ಈ ಒಂಬತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ.

ಬಿದ್ದ ಜಾಗ ಎಲ್ಲಿ ತೋರಿಸಿ ಎಂದಳು. ಕೆಳಗಡೆ, ಎರಡನೆಯ ತಿರುವಿನಲ್ಲಿ ಎಂದೆ. ಗಾಡಿಯ ಕೀಲಿಕೈ ಬಂಡೆಯ ಮೇಲೇ ಬಿಟ್ಟು, ನನ್ನ ಮೊಣಕೈ ಹಿಡಿದುಕೊಂಡು, ನಡೆಸಿಕೊಂಡೇ ಹೋದಳು.